ಪಕ್ಕದಲ್ಲಿ ಕುಳಿತು ಹೇಳಿಕೊಡುವವರು



ಪ್ರೇಷಿತರ ಕಾರ್ಯಕಲಾಪಗಳ 8ನೆಯ ಅಧ್ಯಾಯದ ಒಂದು ಪ್ರಸಂಗವನ್ನು ನೀವು ಪಾಸ್ಕ ಕಾಲದ ಬಲಿಪೂಜೆಯಲ್ಲಿ ಕೇಳಿರುತ್ತೀರಿ. ಜೆರುಸಲೇಮಿನಿಂದ ಗಾಜಾಕ್ಕೆ ಹೋಗುವ ನಿರ್ಜನ ದಾರಿ. ಇಥಿಯೋಪಿಯಾದ ರಾಣಿಯ ಬೊಕ್ಕಸ ನೋಡಿಕೊಳ್ಳುವ ದೊಡ್ಡ ಅಧಿಕಾರಿಯೊಬ್ಬ ರಥದಲ್ಲಿ ಕುಳಿತು ಯೆಶಾಯನ ಗ್ರಂಥವನ್ನು ಗಟ್ಟಿಯಾಗಿ ಓದುತ್ತಿದ್ದಾನೆ. ಅಕ್ಷರ ಬರುತ್ತದೆ, ಅರ್ಥವಾಗುತ್ತಿಲ್ಲ. ಓಡಿ ಬಂದ ಫಿಲಿಪ್ಪ, ಓದಿದ್ದು ತಿಳಿಯಿತೇ ಎಂದು ವಿಚಾರಿಸುತ್ತಾನೆ. ಹೇಳಿಕೊಡುವವರಿಲ್ಲ ಎಂದು ಆ ದೊಡ್ಡ ಮನುಷ್ಯ ಸಂಕೋಚಪಡದೆ ಒಪ್ಪಿಕೊಂಡು, ರಥ ಹತ್ತಿ ತನ್ನ ಜೊತೆ ಕೂರುವಂತೆ ಕರೆಯುತ್ತಾನೆ. ಫಿಲಿಪ್ಪ ಪಕ್ಕದಲ್ಲಿ ಕುಳಿತು, ಅವನು ಓದಿ ನಿಲ್ಲಿಸಿದ ಭಾಗದಿಂದಲೇ ಆರಂಭಿಸುತ್ತಾನೆ.

ಈ ಪ್ರಸಂಗವನ್ನು ಓದುವಾಗಲೆಲ್ಲ ನನಗೆ ನಮ್ಮ ಶಾಲೆಗಳ ಹಿಂದಿನ ಬೆಂಚು ನೆನಪಾಗುತ್ತದೆ. ಅಲ್ಲಿಯೂ ಓದಲು ಬರುವ, ಆದರೆ ಓದಿದ್ದು ತಿಳಿಯದ ಮಕ್ಕಳಿದ್ದಾರೆ. ಸಿರುಗುಪ್ಪದ ಕಡೆ ಗಡಿಯ ಹಳ್ಳಿಗಳಲ್ಲಿ ಎಷ್ಟೋ ಮನೆಗಳ ಮಾತು ತೆಲುಗು, ಶಾಲೆಯ ಪುಸ್ತಕ ಕನ್ನಡ. ಕುರುಗೋಡಿನ ಸುತ್ತಮುತ್ತ ಮೆಣಸಿನಕಾಯಿ ಬಿಡಿಸುವ ಕಾಲ ಬಂತೆಂದರೆ ತಾಯಿಯ ಜೊತೆ ಮಗಳೂ ಹೊಲಕ್ಕೆ ಹೋಗುತ್ತಾಳೆ. ಬಳ್ಳಾರಿ ನಗರದಲ್ಲಿ ಮನೆಯೊಳಗೇ ಜೀನ್ಸ್ ಹೊಲಿಗೆಯ ಮಿಷನ್ ಓಡುತ್ತಿರುತ್ತದೆ. ಓದುವ ಹುಡುಗ ದಾರ ಕತ್ತರಿಸಲು ಕೂರುತ್ತಾನೆ. ಭಿನ್ನರಾಶಿ ಹೇಳಿಕೊಟ್ಟ ಎರಡು ವಾರ ಅವನು ಶಾಲೆಗೆ ಬಂದಿರುವುದಿಲ್ಲ. ಆಮೇಲೆ ಬಂದರೂ ಪಾಠ ಮುಂದೆ ಹೋಗಿರುತ್ತದೆ. ಕೈ ಎತ್ತಿ ಕೇಳಿದರೆ ಎಲ್ಲರೂ ನಗುತ್ತಾರೆಂಬ ಭಯ. ಮನೆಯಲ್ಲಿ ಕೇಳೋಣವೆಂದರೆ ಅಪ್ಪ ಅಮ್ಮ ಓದಿದವರಲ್ಲ. ಟ್ಯೂಷನ್‌ಗೆ ಕಳಿಸಲು ಹಣವಿಲ್ಲ. ಒಂಬತ್ತನೆಯ ತರಗತಿಯ ಹೊತ್ತಿಗೆ ಅವನೇ ಒಂದು ದಿನ ಚೀಲ ಮೂಲೆಗಿಟ್ಟು, ತನಗೆ ಓದು ಹತ್ತುವುದಿಲ್ಲ ಎನ್ನುತ್ತಾನೆ. ಹುಡುಗಿಯಾದರೆ, ಗಂಡು ನೋಡುವ ಮಾತು ಶುರುವಾಗುತ್ತದೆ.

ಇದಕ್ಕೆ ಶಾಲೆಯೊಳಗೇ ಒಂದು ದಾರಿಯಿದೆ. ದೊಡ್ಡ ತರಗತಿಯ ಮಕ್ಕಳು ಚಿಕ್ಕವರ ಪಕ್ಕದಲ್ಲಿ ಕುಳಿತು ಹೇಳಿಕೊಡುವ ಒಂದು ಸಂಘ. ಹೊರಗಿನಿಂದ ಬಂದ ಹೊಸ ಪದ್ಧತಿ ಇರಬೇಕು ಎಂದುಕೊಳ್ಳಬೇಡಿ. ಇದು ನಮ್ಮ ಜಗುಲಿಯ ಮೇಲೆಯೇ ಇತ್ತು.

1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಪ್ರತಿ ಜಿಲ್ಲೆಯ ಶಾಲೆಗಳ ಲೆಕ್ಕ ಕೇಳಿದ. ಮರುವರ್ಷ, 1823ರ ಆಗಸ್ಟಿನಲ್ಲಿ, ಬಳ್ಳಾರಿಯ ಕಲೆಕ್ಟರ್ ಎ. ಡಿ. ಕ್ಯಾಂಪ್‌ಬೆಲ್ ವರದಿ ಕಳಿಸಿದ. ತೆಲುಗು ವ್ಯಾಕರಣ ಬರೆದ ವಿದ್ವಾಂಸನೇ ಇವನು. ಆಗಿನ ಬಳ್ಳಾರಿ ಜಿಲ್ಲೆ ಬಹಳ ದೊಡ್ಡದು, ಅನಂತಪುರವೂ ಅದರೊಳಗಿತ್ತು. ಅಲ್ಲಿ ಅವನು ಎಣಿಸಿದ್ದು 533 ಶಾಲೆಗಳನ್ನು: ಕನ್ನಡದವು 235, ತೆಲುಗಿನವು 226, ಉಳಿದವು ಮರಾಠಿ, ಪಾರಸಿ, ಸಂಸ್ಕೃತ, ತಮಿಳು ಶಾಲೆಗಳು, ಇಂಗ್ಲಿಷಿನದು ಒಂದೇ ಒಂದು. ಕಲಿಯುತ್ತಿದ್ದವರು 6,641 ಮಂದಿ. ಮಕ್ಕಳು ಮರಳಿನ ಮೇಲೆ ಬೆರಳಿನಿಂದ ಅಕ್ಷರ ತಿದ್ದುತ್ತಿದ್ದರು. ಮುಂದಿನ ಮಕ್ಕಳು ಹಿಂದಿನವರಿಗೆ ಹೇಳಿಕೊಡುತ್ತಿದ್ದರು, ಹೇಳಿಕೊಡುತ್ತಲೇ ತಮ್ಮ ಕಲಿಕೆಯನ್ನೂ ಗಟ್ಟಿಮಾಡಿಕೊಳ್ಳುತ್ತಿದ್ದರು. ಈ ಕ್ರಮವನ್ನು ಕ್ಯಾಂಪ್‌ಬೆಲ್ ಮನಸಾರೆ ಮೆಚ್ಚಿ, ಇಂಗ್ಲೆಂಡ್ ಇದನ್ನು ಅನುಕರಿಸಿದ್ದು ಸರಿಯೇ ಎಂದು ಬರೆದ. ಅನುಕರಣೆಯ ಕಥೆ ಇಷ್ಟು: ಮದ್ರಾಸಿನ ಅನಾಥಾಲಯವೊಂದನ್ನು ನೋಡಿಕೊಳ್ಳುತ್ತಿದ್ದ ಆಂಡ್ರ್ಯೂ ಬೆಲ್ ಎಂಬ ಪಾದ್ರಿ, ನಮ್ಮ ಮಕ್ಕಳು ಮರಳಿನಲ್ಲಿ ಬರೆಯುವುದನ್ನು ಕಂಡು ತನ್ನಲ್ಲಿಯೂ ಅದನ್ನು ತರಲು ಹೊರಟ. ಉಪಾಧ್ಯಾಯರು ಒಪ್ಪಲಿಲ್ಲ. ಆಗ ಅವನು 8 ವರ್ಷದ ಒಬ್ಬ ಹುಡುಗನ ಕೈಗೆ ಚಿಕ್ಕವರನ್ನು ಒಪ್ಪಿಸಿದ, ಹುಡುಗ ಗೆದ್ದ. 1797ರಲ್ಲಿ ಬೆಲ್ ಅದನ್ನು ಲಂಡನ್ನಿನಲ್ಲಿ ಪುಸ್ತಕವಾಗಿ ಅಚ್ಚು ಹಾಕಿಸಿದ.

ಆದರೆ ಕ್ಯಾಂಪ್‌ಬೆಲ್ ಒಂದು ತಪ್ಪನ್ನೂ ತೋರಿಸಿದ್ದಾನೆ. ಆ ಶಾಲೆಗಳಲ್ಲಿ ಮಕ್ಕಳು ಪದ್ಯಗಳನ್ನು ಬಾಯಿಪಾಠ ಮಾಡುತ್ತಿದ್ದರು, ಅರ್ಥ ಮಾತ್ರ ಗೊತ್ತಿರಲಿಲ್ಲ. ಎಷ್ಟೋ ವೇಳೆ ಕಲಿಸುವ ಐಗಳಿಗೂ ಗೊತ್ತಿರಲಿಲ್ಲ. ನೋಡಿ, ಫಿಲಿಪ್ಪನ ಪ್ರಶ್ನೆ ಬಳ್ಳಾರಿಯ ಜಗುಲಿಗೂ ಬಂದು ನಿಂತಿತು. ಅತ್ತ ಇಂಗ್ಲೆಂಡಿನಲ್ಲಿ ಈ ಪದ್ಧತಿ ದಾರಿ ತಪ್ಪಿದ್ದೂ ಹೀಗೆಯೇ. ನೂರಾರು ಮಕ್ಕಳಿಗೆ ಒಬ್ಬನೇ ಉಪಾಧ್ಯಾಯ, ಉಳಿದದ್ದೆಲ್ಲ ಹುಡುಗ ಮಾನಿಟರುಗಳ ಕೆಲಸ. ಖರ್ಚು ಉಳಿಯಿತು, ಕಲಿಕೆ ಕವಾಯತಾಯಿತು. ಆದ್ದರಿಂದ ಶಾಲೆಯಲ್ಲಿ ಉಪಾಧ್ಯಾಯರ ಕೊರತೆ ತುಂಬಲು ಇಂಥ ಸಂಘ ಕಟ್ಟುವುದಾದರೆ ಕಟ್ಟದಿರುವುದೇ ಒಳ್ಳೆಯದು. ಉಪಾಧ್ಯಾಯರನ್ನು ಸರಕಾರದಿಂದಲೋ ಆಡಳಿತ ಮಂಡಳಿಯಿಂದಲೋ ಕೇಳಿ ಪಡೆಯಬೇಕು.

ಈಗ ಜಾಣ ಮಕ್ಕಳ ತಂದೆ ತಾಯಿಗಳಿಗೆ ಒಂದು ಮಾತು. ನಿಮ್ಮ ಅಂಜಿಕೆ ನನಗೆ ಗೊತ್ತು. ಬೇರೆಯವರಿಗೆ ಹೇಳಿಕೊಡುತ್ತ ಕೂತರೆ ನಮ್ಮವನ ಅಂಕ ಕಡಿಮೆಯಾಗದೇ? ಸಂತ ಜಾನ್ ಬಾಸ್ಕೊ ಇಟಲಿಯ ಕಿಯೇರಿಯಲ್ಲಿ ಬಡ ವಿದ್ಯಾರ್ಥಿಯಾಗಿದ್ದಾಗ, ತಾನು ಉಳಿದುಕೊಂಡಿದ್ದ ಮನೆಯ ಒಡತಿ ತನ್ನ ಮಗನಿಗೆ ಪಾಠ ಹೇಳಿಕೊಡಲು ಕೇಳಿಕೊಂಡಳು. ಆ ಮಗ ಆಟದ ಹುಡುಗ. ತಮಾಷೆಯೆಂದರೆ ಅವನು ಜಾನನಿಗಿಂತ ಮೇಲಿನ ತರಗತಿಯವನು! ಕೆಲವೇ ತಿಂಗಳಲ್ಲಿ ಹುಡುಗ ಸುಧಾರಿಸಿದ. ತಾಯಿ ಜಾನನಿಂದ ಊಟ ವಸತಿಯ ಹಣ ತೆಗೆದುಕೊಳ್ಳುವುದನ್ನೇ ಬಿಟ್ಟಳು. 1832ರಲ್ಲಿ ಅವನು ಗೆಳೆಯರನ್ನು ಕೂಡಿಸಿ ಒಂದು ಸಂಘವನ್ನೂ ಕಟ್ಟಿದ. ಅದರ ನಿಯಮಗಳು ತೀರಾ ಕಡಿಮೆ: ಕೆಟ್ಟ ನಡೆ ನುಡಿ ಬೇಡ, ಓದಿನ ಮತ್ತು ಧರ್ಮದ ಕರ್ತವ್ಯ ಬಿಡಬಾರದು, ಸಂತೋಷವಾಗಿರಬೇಕು. ಇದರಿಂದ ಅವನ ಓದೇನೂ ಹಾಳಾಗಲಿಲ್ಲ.

ಹಾಗಾದರೆ ಮೊದಲು ಮಾಡಬೇಕಾದುದೇನು? ಮುಖ್ಯೋಪಾಧ್ಯಾಯರನ್ನು ಕಂಡು ಒಂದು ಕೋಣೆ, ವಾರಕ್ಕೆ ಎರಡು ದಿನ, ಅರ್ಧ ಗಂಟೆ ಕೇಳಿ. ಕೋಣೆಯ ಬಾಗಿಲು ತೆರೆದಿರಲಿ, ಒಬ್ಬ ಉಪಾಧ್ಯಾಯರು ಕಣ್ಣಳತೆಯಲ್ಲಿರಲಿ. ಒಬ್ಬರಿಗೆ ಒಬ್ಬರು, ಹೆಚ್ಚೆಂದರೆ ಇಬ್ಬರು. ಒಂಬತ್ತನೆಯವರು ಆರನೆಯವರಿಗೆ ಹೇಳಿಕೊಡಲಿ. ರ‍್ಯಾಂಕ್ ಬಂದವರನ್ನೇ ಆರಿಸಬೇಡಿ. ಕಷ್ಟಪಟ್ಟು ಭಾಗಾಕಾರ ಕಲಿತ ಹುಡುಗನಿಗೆ ಎಲ್ಲಿ ಎಡವುತ್ತಾರೆಂಬುದು ನೆನಪಿರುತ್ತದೆ. ಮನೆಯಲ್ಲಿ ತೆಲುಗಾಡುವ ಮಗುವಿಗೆ ತೆಲುಗು ಬಲ್ಲ ಅಕ್ಕನನ್ನೇ ಜೊತೆಮಾಡಿ. ಅವಳು ಮೊದಲು ತೆಲುಗಿನಲ್ಲಿ ಬಿಡಿಸಿ ಹೇಳಿ, ಆಮೇಲೆ ಮಗುವಿನ ಬಾಯಿಂದಲೇ ಕನ್ನಡದಲ್ಲಿ ಹೇಳಿಸಲಿ. ಉತ್ತರ ಬರೆದುಕೊಡಬಾರದೆಂದು ದೊಡ್ಡವರಿಗೆ ಮೊದಲ ದಿನವೇ ಹೇಳಿಬಿಡಿ.

ಸಂಘದ ಸುದ್ದಿ ಹರಡುವಾಗ ಎಚ್ಚರವಿರಲಿ. ದಡ್ಡರಿಗಾಗಿ ವಿಶೇಷ ತರಗತಿ ಎಂದು ಸಾಲಿನಲ್ಲಿ ನಿಲ್ಲಿಸಿ ಹೆಸರು ಕೂಗಿದರೆ ಮರುದಿನ ಯಾರೂ ಬರುವುದಿಲ್ಲ. ಪ್ರಾರ್ಥನೆಯ ವೇಳೆ ಸಂಘದವರೇ ಎರಡು ಮಾತಾಡಲಿ. ಯಾವ ವಿಷಯಕ್ಕೆ ಯಾರು ಸಿಗುತ್ತಾರೆಂದು ಫಲಕದಲ್ಲಿ ಬರೆಯಲಿ. ಬರುವವರ ಹೆಸರು ಬರೆಯುವುದು ಬೇಡ. ಭಾನುವಾರ ಪೂಜೆಯಾದ ಮೇಲೆ ಗುರುಗಳು ತಂದೆ ತಾಯಿಗಳಿಗೆ ತಿಳಿಸಬಹುದು, ಆದರೆ ಸಂಘ ನಮ್ಮ ಮಕ್ಕಳಿಗೆ ಮಾತ್ರವೆಂಬ ಭಾವನೆ ಬರದಿರಲಿ. ಯಾವ ಮತದ ಮಗುವೂ ಬರಲಿ. ರಥದಲ್ಲಿದ್ದ ಅಧಿಕಾರಿ ಕೇಳಿದ್ದು ಯೆಶಾಯನ ಅರ್ಥ. ಈ ಮಗು ಕೇಳುವುದು ಭಿನ್ನರಾಶಿ. ಕೇಳಿದ್ದನ್ನೇ ಕಲಿಸೋಣ.

ಇನ್ನೊಂದು ವಿಷಯ. ಹಳ್ಳಿಯಿಂದ ಬರುವ ಮಕ್ಕಳು ಸಂಜೆ ನಿಲ್ಲಲಾರರು, ಅದರಲ್ಲೂ ಹೆಣ್ಣುಮಕ್ಕಳು. ಸಿರುಗುಪ್ಪ, ಕುರುಗೋಡುಗಳಲ್ಲಿ ಮಧ್ಯಾಹ್ನದ ಬಿಸಿಯೂಟದ ನಂತರದ ಅರ್ಧ ಗಂಟೆಯೇ ಸರಿಯೆಂದು ನನ್ನ ಅನಿಸಿಕೆ. ಮುಖ್ಯೋಪಾಧ್ಯಾಯರ ಬಳಿ ಹೋಗುವ ಮೊದಲು ಬಸ್ ನಿಲ್ದಾಣಕ್ಕೆ ಹೋಗಿ, ನಿಮ್ಮ ಮಕ್ಕಳ ಊರಿನ ಬಸ್ಸು ಎಷ್ಟು ಗಂಟೆಗೆ ಹೊರಡುತ್ತದೆಂದು ಕೇಳಿಕೊಂಡು ಬನ್ನಿ.