ಗುಣಕ್ಕೆ ಅಂಕವುಂಟೇ?

1977ರಲ್ಲಿ ಅಮೆರಿಕದ ಮಾರ್ಕ್ ಮಿಲ್ಲರ್ ರಚಿಸಿದ ‘ಟ್ರಾವೆಲರ್’ ಎಂಬ ಆಟದಲ್ಲಿ, ಮೇಜಿನ ಸುತ್ತ ಕುಳಿತವರು ನಕ್ಷತ್ರಗಳ ನಡುವೆ ಸಂಚರಿಸುವ ನೌಕೆಯ ಚಾಲಕರೂ ಯಂತ್ರಜ್ಞರೂ ವೈದ್ಯರೂ ಆಗಿ ಪಾತ್ರವಹಿಸುವರು. ಒಬ್ಬೊಬ್ಬರ ನೈಪುಣ್ಯಕ್ಕೂ ಒಂದು ಅಂಕವುಂಟು, ಅದನ್ನು ಎರಡು ದಾಳಗಳ ಮೊತ್ತಕ್ಕೆ ಕೂಡಿಸಿ ನೌಕೆಯ ಭವಿತವ್ಯವನ್ನು ನಿರ್ಣಯಿಸುವರು. ಮೂಡಿಗೆರೆಯ ಮಳೆಗಾಲದಲ್ಲಿ ಕಾಲಯಾಪನೆಗೆ ಒದಗಬಹುದಾದ ಈ ವಿನೋದವನ್ನು ಕಣಾದನ ಅನುಯಾಯಿಗಳಾದ ವೈಶೇಷಿಕ ದಾರ್ಶನಿಕರು ಮಾತ್ರ ಸುಮ್ಮನೆ ಬಿಡಲಾರರು. ಅವರ ಮತದಲ್ಲಿ ಸಂಖ್ಯೆಯೂ ಒಂದು ಗುಣ. ಗುಣವು ದ್ರವ್ಯವನ್ನಾಶ್ರಯಿಸುವುದೇ ಹೊರತು ಇನ್ನೊಂದು ಗುಣವನ್ನಲ್ಲ. ಹಾಗಿರಲು, ನೈಪುಣ್ಯವೆಂಬ ಗುಣದ ಮೇಲೆ ಮೂರೆಂಬ ಅಂಕವು ನಿಲ್ಲುವುದೆಂತು? ಎರಡು ಮೊದಲಾದ ಸಂಖ್ಯೆಗಳು ನೋಡುವವನ ಅಪೇಕ್ಷಾಬುದ್ಧಿಯಿಂದ, ಎಂದರೆ ‘ಇದೊಂದು, ಇದೊಂದು’ ಎಂದು ಎಣಿಸುವ ಅರಿವಿನಿಂದ, ಹುಟ್ಟುವುವೆಂದೂ ಅವರೇ ಹೇಳಿರುವುದರಿಂದ, ಅಂಕವು ಚಾಲಕನದಷ್ಟೇ ಅಲ್ಲ, ಎಣಿಸಿದವನದೂ ಹೌದೆನ್ನಬೇಕಾಗುವುದು.

ಕಳಸದ ಕಾಫಿ ತೋಟಗಳಲ್ಲಿ ಈ ತರ್ಕ ಬರಿಯ ಪಾಂಡಿತ್ಯವಲ್ಲ. ಕೊಯ್ಲಿನ ಸಂಜೆ ರೈಟರು ಹಣ್ಣಿನ ಚೀಲವನ್ನು ತೂಗಿ ಕಿಲೋ ಲೆಕ್ಕದಲ್ಲಿ ಕೂಲಿ ಬರೆಯುವಲ್ಲಿ, ಹಸಿರುಕಾಯನ್ನು ರೆಂಬೆಯಲ್ಲೇ ಉಳಿಸಿ, ಮುಂದಿನ ವರ್ಷದ ಫಸಲು ಹೊರಬೇಕಾದ ರೆಕ್ಕೆ, ಎಂದರೆ ಅಡ್ಡರೆಂಬೆ, ಮುರಿಯದಂತೆ ಬಿಡಿಸಿದ ಕೈಯ ವಿವೇಕವು ತಕ್ಕಡಿಗೆ ಸಿಕ್ಕದು. ಸಿಕ್ಕುವುದು ಭಾರ ಮಾತ್ರ. ಕಾಫಿಯ ರುಚಿ ನೋಡಿ ನೂರಕ್ಕೆ ಇಷ್ಟೆಂದು ಅಂಕವಿಡುವ ಪರೀಕ್ಷಕರು ಒಂದೇ ನಾಲಗೆಯನ್ನು ನೆಚ್ಚದೆ ಹಲವರ ಅಂಕಗಳನ್ನು ಕೂಡಿಸಿ ನೋಡುವುದಾದರೆ, ಅದು ಅಪೇಕ್ಷಾಬುದ್ಧಿಯ ದೋಷವನ್ನು ಒಪ್ಪಿಕೊಂಡಂತೆಯೇ ಸರಿ. ಆಟದ ನಿಯಮಕಾರನು ಇವರೆಲ್ಲರಿಗಿಂತ ಪ್ರಾಮಾಣಿಕನೆಂದು ನನಗೆ ತೋರುತ್ತದೆ: ಆತನು ನೈಪುಣ್ಯದ ಪಕ್ಕದಲ್ಲಿಯೇ ದಾಳವನ್ನಿರಿಸಿ ದೈವಕ್ಕೂ ಅದರ ಪಾಲನ್ನು ಕೊಟ್ಟನು. ತೂಕದ ಪುಸ್ತಕದಲ್ಲಿ ದೈವಕ್ಕೆ ಅಂಕಣವಿಲ್ಲ. ಅಕಾಲವೃಷ್ಟಿಯಿಂದ ಹಣ್ಣುದುರಿ ನೆಲಕ್ಕೆ ಬಿದ್ದ ದಿನವೂ ಕೊರತೆಯು ಬೀಳುವುದು ಬಿಡಿಸಿದವಳ ಹೆಸರಿನ ಮುಂದೆಯೇ.