ದಿಂಬಿನಡಿಯ ಹಲಗೆ

ನಿದ್ದೆ ಬಾರದ ವಯಸ್ಸಿನಲ್ಲಿ ಕಾಲೇಜು ಸೇರಿದವನು ನಾನು. ಸೇರಿದೆ ಎನ್ನುವುದೂ ದೊಡ್ಡ ಮಾತೇ. ಅರ್ಜಿಯಿಲ್ಲ, ಶುಲ್ಕವಿಲ್ಲ, ಹಾಜರಿಯಂತೂ ಇಲ್ಲವೇ ಇಲ್ಲ. ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಪಾಲ್ ಫ್ರೀಡ್‌ಮನ್ 2011ರಲ್ಲಿ ಮಾಡಿದ ಪಾಠಗಳು ಅಂತರ್ಜಾಲದಲ್ಲಿ ಎಲ್ಲರಿಗೂ ತೆರೆದಿವೆ. ಕ್ರಿ.ಶ. 284ರಿಂದ 1000ದವರೆಗಿನ ಯುರೋಪು, 22 ತರಗತಿ. ಮನೆಮಂದಿ ಮಲಗಿದ ಮೇಲೆ ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಹಿಂದಿನ ಬೆಂಚಿನಲ್ಲಿ ಕೂತುಬಿಡುತ್ತೇನೆ.

ರೋಮ್ ಬಿದ್ದದ್ದು ನನ್ನನ್ನು ಅಷ್ಟೇನೂ ಅಲ್ಲಾಡಿಸಲಿಲ್ಲ. 476ರಲ್ಲಿ ಓಡೊಅಕರ್ ಎಂಬ ದಂಡನಾಯಕ ಕೊನೆಯ ಹುಡುಗ ಚಕ್ರವರ್ತಿಯನ್ನು ಗದ್ದುಗೆಯಿಂದಿಳಿಸಿ, ಕೊಲ್ಲದೆ, ವರ್ಷಾಶನ ಕೊಟ್ಟು ಕಳಿಸಿದನಂತೆ. ಇಷ್ಟೇನಾ ಅನ್ನಿಸಿತು. ನನ್ನನ್ನು ಹಿಡಿದು ನಿಲ್ಲಿಸಿದ್ದು ಒಂದು ದಿಂಬು.

ಶಾರ್ಲ್‌ಮೇನ್ ದೊರೆಯ ಆಸ್ಥಾನದಲ್ಲಿದ್ದ ಐನ್‌ಹಾರ್ಡ್ ಅವನ ಚರಿತ್ರೆ ಬರೆದಿದ್ದಾನೆ. 800ರ ಕ್ರಿಸ್ಮಸ್ ದಿನ ರೋಮಿನಲ್ಲಿ ಪೋಪನ ಕೈಯಿಂದ ಕಿರೀಟ ತೊಟ್ಟ, ಅರ್ಧ ಯುರೋಪನ್ನು ಆಳಿದ ಈ ಮನುಷ್ಯನಿಗೆ ಬರೆಯಲು ಬರುತ್ತಿರಲಿಲ್ಲ. ದಿಂಬಿನಡಿ ಬರೆಯುವ ಹಲಗೆಗಳನ್ನಿಟ್ಟುಕೊಂಡು, ಬಿಡುವಾದಾಗ ಅಕ್ಷರ ತಿದ್ದುತ್ತಿದ್ದ. ಆದರೆ ತಡವಾಗಿ ಶುರುಮಾಡಿದ್ದರಿಂದ ಕೈ ಕೂರಲಿಲ್ಲ ಎನ್ನುತ್ತಾನೆ ಐನ್‌ಹಾರ್ಡ್. ಇದನ್ನು ಓದಿದಾಗ ರಾತ್ರಿ ಒಂದು ಗಂಟೆ. ನನ್ನ ಫೋನೂ ದಿಂಬಿಗೆ ಒರಗಿತ್ತು. ಸ್ವಲ್ಪ ಹೊತ್ತು ಸುಮ್ಮನೆ ಕೂತೆ.

ಕತ್ತಿ ಹಿಡಿದು ಕಾಯಿಕಟ್ಟಿದ ಬೆರಳುಗಳು ಮೇಣದ ಹಲಗೆಯ ಮೇಲೆ ಒಂದು ಅಕ್ಷರವನ್ನು ಸುತ್ತಿ ತರಲು ಪರದಾಡುವುದನ್ನು ಯೋಚಿಸಿ. ಹಗಲಿನಲ್ಲಿ ಇದೇ ದೊರೆಯ ಆಶ್ರಯದಲ್ಲಿ ಮಠಮಠಗಳ ಸನ್ಯಾಸಿಗಳು ಬರೆದು ರಾಶಿ ಹಾಕುತ್ತಿದ್ದರು. ಯಾರ್ಕ್‌ನಿಂದ ಬಂದ ಅಲ್ಕ್ವಿನ್ ಎಂಬ ಗುರು 796ರಲ್ಲಿ ಟೂರ್ಸ್ ಮಠದ ಮುಖ್ಯಸ್ಥನಾದ. ಅಲ್ಲಿ ಮುಂದೆ ತಯಾರಾದ ಒಂದೊಂದು ಬೈಬಲ್ಲಿಗೂ ಇನ್ನೂರಕ್ಕೂ ಹೆಚ್ಚು ಕುರಿಗಳ ಚರ್ಮ ಬೇಕಾಗುತ್ತಿತ್ತು. ಒಂದು ಪುಸ್ತಕಕ್ಕೆ ಒಂದು ಹಿಂಡು! ಸೀಸರ್ ತನ್ನ ಗಾಲ್ ಯುದ್ಧದ ಬಗ್ಗೆ ಬರೆದದ್ದು ಇವತ್ತು ನಮಗೆ ಸಿಗುವುದಿದ್ದರೆ ಅದು ಒಂಬತ್ತನೆಯ ಶತಮಾನದ ಇಂಥ ನಕಲುಗಾರರ ಬೆನ್ನುನೋವಿನಿಂದ. ಅದಕ್ಕಿಂತ ಹಳೆಯ ಪ್ರತಿ ಉಳಿದಿಲ್ಲ.

ಅವರು ಬರೆದ ಅಕ್ಷರವೂ ಹೊಸದು. ಅದಕ್ಕೆ ಮೊದಲಿನ ಗಂಟುಗಂಟಾದ ಲಿಪಿ ಕಣ್ಣಿಗೆ ಶಿಕ್ಷೆ. ಇದು ದುಂಡಗೆ, ಬಿಡಿಬಿಡಿಯಾಗಿ, ಪದಪದಗಳ ನಡುವೆ ಜಾಗ ಬಿಟ್ಟು ನಿಂತಿತು. ಕೆಲವು ಶತಮಾನ ಕಳೆದು ಇಟಲಿಯ ಪಂಡಿತರು ಈ ಹಸ್ತಪ್ರತಿಗಳನ್ನು ಕಂಡು, ಪ್ರಾಚೀನ ರೋಮನ್ನರದೇ ಕೈಬರಹ ಎಂದು ಮರುಳಾಗಿ, ನಕಲು ಮಾಡತೊಡಗಿದರು. 1470ರಲ್ಲಿ ವೆನಿಸ್ಸಿನ ಮುದ್ರಕ ನಿಕೊಲಾಸ್ ಜೆನ್ಸನ್ ಅದೇ ಜಾಡಿನಲ್ಲಿ ಅಚ್ಚಿನ ಮೊಳೆ ಕೊರೆದ. ತಪ್ಪು ತಿಳಿವಳಿಕೆಯಿಂದ ಇಷ್ಟು ಚೆಂದದ್ದು ಹುಟ್ಟಿದ್ದು ಕಡಿಮೆ.

ಕನ್ನಡ ಮಾಧ್ಯಮದ ನಾನು ಐದನೆಯ ಇಯತ್ತೆಯಲ್ಲಿ ನಾಲ್ಕು ಗೆರೆಯ ಕಾಪಿ ಪುಸ್ತಕದಲ್ಲಿ ಇಂಗ್ಲಿಷಿನ ‘ಸ್ಮಾಲ್ ಲೆಟರ್’ ತಿದ್ದಿದವನು. ಬಾಲ ಯಾವ ಗೆರೆ ಮುಟ್ಟಬೇಕು, ತಲೆ ಎಲ್ಲಿಗೆ ನಿಲ್ಲಬೇಕು ಎಂದು ಮೇಷ್ಟ್ರ ಬೆತ್ತ ಹೇಳುತ್ತಿತ್ತು. ಆ ಸಣ್ಣಕ್ಷರಗಳು ಆ ಸನ್ಯಾಸಿಗಳ ಅಕ್ಷರದ ಮೊಮ್ಮಕ್ಕಳೆಂದು ಮೇಷ್ಟ್ರಿಗೂ ಗೊತ್ತಿರಲಿಕ್ಕಿಲ್ಲ. ಈಗ ಫೋನಿನ ಪರದೆಯ ಕೆಳಗೆ ಪಾಠದ ಮಾತುಗಳು ಅವೇ ಅಕ್ಷರಗಳಲ್ಲಿ ಹರಿಯುತ್ತವೆ.

ದೊರೆಯ ಆಜ್ಞಾಪತ್ರಗಳ ಕೊನೆಗೆ ಅವನ ಹೆಸರಿನ ಮುದ್ರಾಕ್ಷರವಿರುತ್ತದೆ. ಶಿಲುಬೆಯಾಕಾರದ ಆ ಚಿತ್ರವನ್ನೆಲ್ಲ ಲಿಪಿಕಾರನೇ ಬರೆದಿಡುತ್ತಿದ್ದ. ದೊರೆ ಹಾಕುತ್ತಿದ್ದುದು ನಡುವಿನ ಪುಟ್ಟ ಗೆರೆಯೊಂದೇ ಎನ್ನುತ್ತಾರೆ. ಒಂದು ಪತ್ರದ ಚಿತ್ರ ಹುಡುಕಿ, ಎರಡು ಬೆರಳಿನಿಂದ ಹಿಗ್ಗಿಸಿ, ಆ ಗೆರೆಯನ್ನು ನೋಡಿದೆ. ಆಮೇಲೆ, ಯಾಕೋ, ಹೊದಿಕೆಯ ಮೇಲೆ ಬೆರಳಿನಿಂದ ಅದನ್ನೇ ಒಮ್ಮೆ ಎಳೆದೆ.