ನೆರೆ ಮತ್ತು ನೆರೆಯವರು

ನಾಗರಿಕತೆಗಳು ನದೀತೀರದಲ್ಲಿ ಹುಟ್ಟಿದವೆಂಬ ಮಾತನ್ನು ನಾವೆಲ್ಲರೂ ಶಾಲೆಯಲ್ಲಿಯೇ ಕಲಿತಿದ್ದೇವೆ. ಆದರೆ ನೀರೂ ಮಣ್ಣೂ ಇದ್ದ ಮಾತ್ರಕ್ಕೆ ಜನರು ಒಂದು ಸಮಾಜವಾಗುವರೇ? ನದಿಯು ಮನುಷ್ಯನಿಗೆ ಕೊಟ್ಟದ್ದು ಅನ್ನವನ್ನು ಮಾತ್ರವೋ, ಅದರೊಡನೆ ಒಂದು ಹೊಣೆಯನ್ನೂ ಕೊಟ್ಟಿತೋ? ಟೈಗ್ರಿಸ್ ಮತ್ತು ಯೂಫ್ರೆಟಿಸ್ ನದಿಗಳ ನಡುವಣ ಮೆಸೊಪೊಟೇಮಿಯದ ಚರಿತ್ರೆಯು ಈ ಪ್ರಶ್ನೆಯನ್ನು ಸ್ಪಷ್ಟವಾಗಿ ನಮ್ಮ ಮುಂದಿಡುತ್ತದೆ.

ಈಜಿಪ್ಟಿನಲ್ಲಿ ನೈಲ್ ನದಿ ಕೊಯ್ಲು ಮುಗಿದ ಮೇಲೆ ಉಕ್ಕಿ, ಹೊಲಗಳಿಗೆ ಮೆಕ್ಕಲು ಹರಡಿ, ಬಿತ್ತನೆಯ ಹೊತ್ತಿಗೆ ಇಳಿಯುತ್ತಿತ್ತು. ಮೆಸೊಪೊಟೇಮಿಯದ ನದಿಗಳು ಇಷ್ಟು ಉದಾರಿಗಳಲ್ಲ. ಉತ್ತರದ ಬೆಟ್ಟಗಳ ಹಿಮ ಕರಗಿ, ಏಪ್ರಿಲ್-ಮೇ ತಿಂಗಳುಗಳಲ್ಲಿ, ಪೈರು ಕೊಯ್ಲಿಗೆ ನಿಂತಿರುವಾಗಲೇ ಪ್ರವಾಹ ಬರುತ್ತಿತ್ತು. ಬಿತ್ತನೆಯ ಕಾಲಕ್ಕೆ ನೀರು ತಗ್ಗಿರುತ್ತಿತ್ತು. ದಕ್ಷಿಣದ ಬಯಲಿನಲ್ಲಿ ಮಳೆಯೂ ಅಲ್ಪ. ಆದ್ದರಿಂದ ಕಾಲುವೆ ತೋಡುವುದು, ಹೂಳೆತ್ತುವುದು, ಏರಿ ಕಟ್ಟುವುದು ಅಲ್ಲಿ ಅನಿವಾರ್ಯವಾಯಿತು. ಅದು ಒಬ್ಬನಿಂದ ಆಗುವ ಕೆಲಸವಲ್ಲ. ಒಬ್ಬನ ಏರಿ ಒಡೆದರೆ ಹತ್ತು ಮಂದಿಯ ಹೊಲ ಮುಳುಗುತ್ತದೆ.

ಈ ಅವಲಂಬನೆಯೇ ಕಲಹಕ್ಕೂ ಕಾರಣವಾಯಿತು. ಒಂದೇ ಸುಮೇರಿಯನ್ ಭಾಷೆಯನ್ನಾಡುತ್ತಿದ್ದ ಉಮ್ಮಾ ಮತ್ತು ಲಗಾಶ್ ನಗರಗಳು ಎಲ್ಲೆಯ ಫಲವತ್ತಾದ ಬಯಲಿಗಾಗಿ, ಅದರ ಕಾಲುವೆಗಳಿಗಾಗಿ ತಲೆಮಾರುಗಳವರೆಗೆ ಹೋರಾಡಿದವು. ಕಿಶ್ ನಗರದ ದೊರೆ ಮೆಸಿಲಿಮ್ ಮಧ್ಯಸ್ಥನಾಗಿ ಗಡಿಗಲ್ಲು ನೆಡಿಸಿದನು. ಉಮ್ಮಾದವರು ಅದನ್ನು ಕಿತ್ತರು. ಕ್ರಿ.ಪೂ. 2450ರ ಸುಮಾರಿನಲ್ಲಿ ಲಗಾಶ್‌ನ ಅರಸು ಇಯನ್ನಾಟಮ್ ಗೆದ್ದು ನಿಲ್ಲಿಸಿದ ಶಿಲೆಯಲ್ಲಿ ರಣಹದ್ದುಗಳು ಸತ್ತವರ ತಲೆಗಳನ್ನು ಕಚ್ಚಿಕೊಂಡು ಹಾರುತ್ತಿವೆ.

ಅದೇ ನೀರು, ಅದೇ ಮಣ್ಣು ಮುಂದೆ ನ್ಯಾಯವನ್ನೂ ಬೆಳೆಯಿಸಿದವು. ಕ್ರಿ.ಪೂ. 18ನೆಯ ಶತಮಾನದ ಹಮ್ಮುರಾಬಿಯ ಶಾಸನವು, ತನ್ನ ಏರಿಯನ್ನು ಭದ್ರಪಡಿಸದೆ ಅಲಕ್ಷಿಸಿದವನು ಅದು ಒಡೆದು ಹಾಳಾದ ಧಾನ್ಯವನ್ನು ತುಂಬಿಕೊಡಬೇಕೆಂದು ವಿಧಿಸುತ್ತದೆ. ತುಂಬಿಕೊಡಲಾರದವನನ್ನೂ ಅವನ ಸೊತ್ತನ್ನೂ ಮಾರಿ ಹಣವನ್ನು ನಷ್ಟಹೊಂದಿದವರು ಹಂಚಿಕೊಳ್ಳಬೇಕಿತ್ತು. ಈ ಕ್ರೌರ್ಯವನ್ನು ನಾವು ಒಪ್ಪಲಾರೆವು. ಆದರೆ ಕೇಡೆಣಿಸುವುದು ಮಾತ್ರವಲ್ಲ, ಮಾಡಬೇಕಾದುದನ್ನು ಮಾಡದಿರುವುದೂ ಅಪರಾಧವೆಂಬ ಅರಿವು ಅಲ್ಲಿದೆ, ಅದನ್ನು ಅಲ್ಲಗಳೆಯುವಂತಿಲ್ಲ.

ಹಾಗಾದರೆ ಭೂಗೋಳವೇ ಮನುಷ್ಯನ ವಿಧಿಯೆನ್ನಬಹುದೇ? ಒಂದೇ ಬಯಲು ಹದ್ದುಗಳ ಶಿಲೆಯನ್ನೂ ನ್ಯಾಯದ ಶಿಲೆಯನ್ನೂ ಕಂಡಿತೆಂಬುದನ್ನು ನೆನೆದರೆ ಹಾಗೆನ್ನಲಾಗದು. ನದಿಯು ಜನರನ್ನು ಪರಸ್ಪರ ಕಟ್ಟಿಹಾಕಿತು. ಆ ಕಟ್ಟಿನೊಳಗೆ ಹೇಗೆ ಬಾಳಬೇಕೆಂಬುದನ್ನು ಅವರೇ ತೀರ್ಮಾನಿಸಬೇಕಾಯಿತು. ಅತಿಯಾಗಿ ನೀರುಣಿಸಿದ ಹೊಲಗಳಲ್ಲಿ ಉಪ್ಪು ಮೇಲೆದ್ದು ಗೋಧಿ ಸೊರಗಿ, ಉಪ್ಪು ತಾಳುವ ಬಾರ್ಲಿಯೇ ಉಳಿದುದನ್ನು ಕಂಡರೆ, ಈ ಹೊಣೆಯು ಪಕ್ಕದ ಹೊಲದವನಿಗಷ್ಟೇ ಅಲ್ಲ, ಮುಂದಿನ ಪೀಳಿಗೆಗೂ ಸಲ್ಲತಕ್ಕದ್ದೆಂದು ತಿಳಿಯುತ್ತದೆ.

ಗಡಿನಾಡಿನಲ್ಲಿ ಬಾಳುವ ನಮಗೆ ಈ ಮಾತು ದೂರದ್ದಲ್ಲ. ವಯನಾಡಿನ ಕಬಿನಿ ಕರ್ನಾಟಕಕ್ಕೆ ಹರಿಯುತ್ತಾಳೆ. ಕೊಡಗಿನ ಪಯಸ್ವಿನಿ ಚಂದ್ರಗಿರಿಯಾಗಿ ಕಾಸರಗೋಡಿನಲ್ಲಿ ಕಡಲು ಸೇರುತ್ತಾಳೆ. ಉಕ್ಕಿದ ಹೊಳೆಯನ್ನು ನೆರೆಯೆನ್ನುವ ನಮ್ಮ ಭಾಷೆ ಪಕ್ಕದ ಮನೆಯನ್ನೂ ನೆರೆಮನೆಯೆನ್ನುತ್ತದೆ. ನೆರೆ ಬರುವ ಮೊದಲೇ ನೆರೆಯವರನ್ನು ನೆನೆದು ಏರಿಯನ್ನು ಭದ್ರಪಡಿಸುವ ಜನರನ್ನೇ ನಾವು ನಾಗರಿಕರೆಂದು ಕರೆಯಬೇಕು.